ಸಿದ್ದಿಯ ಒಂದು ಟೇಕ್

ಪಾಲಿಬೆಟ್ಟದ ತೋಟದಲ್ಲಿ ನಲವತ್ತು ವರ್ಷ ಕಾಫಿ ಕೊಯ್ದ ಸಿದ್ದಿಯ ಚೀಲದಲ್ಲಿ ಹಸಿರು ಕಾಯಿ ಸಿಕ್ಕಿತೆಂದು ತೂಕ ನೋಡಿ ಲೆಕ್ಕ ಬರೆಯುವ ಯಾವ ರೈಟರೂ ಇದುವರೆಗೆ ಒಂದು ಮಾತು ಆಡಿದ್ದಿಲ್ಲ. ಅದಕ್ಕೇ ಸಿನಿಮಾದವರು ಬಂದು, ನಮ್ಮ ನಾಯಕಿಯ ಕೈಗೆ ಬದಲಾಗಿ ಕಾಫಿ ಕೊಯ್ಯಲು ಒಂದು ಕೈ ಬೇಕು ಎಂದಾಗ, ತೋಟದ ರೈಟರ್ ಶಶಿಕುಮಾರ್ ಹಿಂದೆಮುಂದೆ ನೋಡದೆ ಅವಳನ್ನೇ ಕಳಿಸಿದ. ಪರದೆಯ ಮೇಲೆ ಮುಖ ಕಾಣುವುದಿಲ್ಲ, ಕೈ ಮಾತ್ರ. ಸಿದ್ದಿಗೆ ಅಷ್ಟೇ ಸಾಕಾಗಿತ್ತು. ತೋಟದ ಲೈನ್ ಮನೆಗಳ ಕೂಲಿಯವರೆಲ್ಲ ನೋಡಿ, ಇದು ನಮ್ಮ ಸಿದ್ದಿಯ ಕೈ ಅನ್ನಬೇಕು. ಆ ಕೈ ತಪ್ಪು ಮಾಡುವುದನ್ನು ಮಾತ್ರ ಯಾರೂ ನೋಡಬಾರದು.

"ಟೇಕ್ ಟೇಕ್ ಅಂತೀರಲ್ಲ, ಹಂಗಂದ್ರೆ ಏನವ್ವಾ?" ಎಂದು ಅವಳು ಸಹಾಯಕ ನಿರ್ದೇಶಕಿ ದಿವ್ಯಶ್ರೀಯನ್ನು ಕೇಳಿದಳು.

"ಕ್ಯಾಮೆರಾ ಒಂದು ಸಲ ಓಡಿ ನಿಲ್ಲೋ ತನಕ ಒಂದು ಟೇಕ್, ಅಜ್ಜಿ. ಸರಿಯಾಗದಿದ್ರೆ ಇನ್ನೊಂದು ಟೇಕ್."

"ಬೆಳಿಗ್ಗೆ ನಿಮ್ಮ ಹೀರೋಯಿನ್ನು, ಈ ಪಾತ್ರದ ಬಗ್ಗೆ ನನ್ನ ಟೇಕೇ ಬೇರೆ ಅಂತಿದ್ರು?"

"ಅದು ಅವರ ಅಭಿಪ್ರಾಯ. ಆ ಟೇಕಿಗೆ ಕ್ಯಾಮೆರಾ ಬೇಡ."

"ಹಂಗಾದ್ರೆ ನಮ್ಮ ಲೈನಲ್ಲಿ ಆ ಟೇಕು ದಿನಾ ನಡೀತದೆ," ಎಂದು ಸಿದ್ದಿ ಸೊಂಟಕ್ಕೆ ಚೀಲ ಕಟ್ಟಿಕೊಂಡಳು.

ಮೊದಲ ಟೇಕಿನಲ್ಲಿ ಕ್ಯಾಮೆರಾದ ಧರ್ಮೇಶ್ ಒಂದು ರೆಂಬೆ ಹುಡುಕುವಷ್ಟರಲ್ಲಿ ಅವಳ ಕೈ ಮೂರು ರೆಂಬೆ ದಾಟಿತ್ತು. ನಿರ್ದೇಶಕ ದೀಕ್ಷಿತ್ ಕಟ್ ಅನ್ನುವ ಹೊತ್ತಿಗೆ ಗಿಡದ ಹಣ್ಣೆಲ್ಲ ಚೀಲ ಸೇರಿತ್ತು. "ಅಮ್ಮಾ, ಅದೇ ಗಿಡದಲ್ಲಿ ಇನ್ನೊಂದು ಟೇಕ್."

"ಹಣ್ಣು ಎಲ್ಲಿಂದ ತರಲಿ ಸ್ವಾಮಿ? ಉಳಿದಿದ್ದು ಕಾಯಿ. ಅದು ಹಣ್ಣಾಗೋಕೆ ಹದಿನೈದು ದಿನ ಬೇಕು."

ದೀಕ್ಷಿತನಿಗೆ ಅದೊಂದು ದೊಡ್ಡ ವಿಷಯವಾಗಲಿಲ್ಲ. ಅವನ ಜನ ಬಂದು ಹಸಿರು ಕಾಯಿಗಳಿಗೆಲ್ಲ ಕೆಂಪು ಬಣ್ಣ ಬಳಿದರು. ಒಣಗಿದ ಮೇಲೆ ಎರಡನೆಯ ಟೇಕ್. ಸಿದ್ದಿಯ ಎಡಗೈ ರೆಂಬೆ ಬಗ್ಗಿಸಿತು, ಬಲಗೈ ಗೆಣ್ಣಿನಿಂದ ಗೆಣ್ಣಿಗೆ ನಡೆಯಿತು. ಬೆರಳು ಪ್ರತಿ ಕಾಯನ್ನೂ ಮುಟ್ಟಿತು, ಮುಟ್ಟಿ ಮುಂದೆ ಹೋಯಿತು. ತುದಿ ಮುಟ್ಟಿದಾಗ ಕೈ ಖಾಲಿ.

"ಕೆಂಪಗೇ ಉಂಟಲ್ಲಮ್ಮ, ಯಾಕೆ ಕೊಯ್ತಿಲ್ಲ?" ಅಂದ ದೀಕ್ಷಿತ್.

"ಕಣ್ಣಿಗೆ ಕೆಂಪು, ಬೆರಳಿಗೆ ಹಸಿರು. ಹಣ್ಣಾದ್ರೆ ತಿರುವಿದ ಕೂಡ್ಲೆ ಅಂಗೈಗೆ ಬೀಳ್ತದೆ. ಇದನ್ನ ಎಳೆದ್ರೆ ತೊಟ್ಟು, ಎಲೆ ಎಲ್ಲ ಕಿತ್ತು ಬರ್ತದೆ."

"ಸಿನಿಮಾ ನೋಡೋರಿಗೆ ಅದೆಲ್ಲಿ ಗೊತ್ತಾಗ್ತದೆ?"

"ಕಾಫಿ ಕೊಯ್ಯೋರೂ ಸಿನಿಮಾ ನೋಡ್ತಾರೆ ಸ್ವಾಮಿ."

ದೀಕ್ಷಿತ್ ಆ ಕಡೆ ತಿರುಗಿ ದಿವ್ಯಶ್ರೀಗೆ, "ಆಗೋದಿಲ್ಲ ಅಂದ್ರೆ ನಮ್ಮ ತಂಡದಲ್ಲಿ ಮೈಸೂರಿಂದ ಬಂದಿರೋ ಹುಡುಗಿ ಕೈ ಇಟ್ಟು ಮುಗಿಸೋಣ," ಅಂದ. ಮೆಲ್ಲಗೇ ಅಂದ, ಆದರೆ ಸಿದ್ದಿಯ ಕಿವಿ ಅವಳ ಬೆರಳಿನಷ್ಟೇ ಚುರುಕು. ಅವಳು ಸೊಂಟದ ಚೀಲ ಬಿಚ್ಚಿ ಕೆಳಗಿಟ್ಟಳು. ಸಿಟ್ಟು ಮಾಡಿಕೊಂಡು ಹೊರಟಳೆಂದೇ ದಿವ್ಯಶ್ರೀ ತಿಳಿದಳು.

"ಬಾ ಮಗ," ಎಂದು ಸಿದ್ದಿ ಧರ್ಮೇಶನನ್ನು ಕರೆದಳು. "ನಿನ್ನ ಮಿಷನ್ನು ನನ್ನ ಕೈ ಹಿಂದೆ ಓಡ್ತಾ ಉಂಟು. ಅದಕ್ಕೆ ದಾರಿ ಗೊತ್ತಿಲ್ಲ, ಅಷ್ಟೆ."

ತೋಟಕ್ಕೆ ಹೊಸದಾಗಿ ಬಂದವರ ಕೈ ತಿದ್ದುವಾಗ ಅವಳು ಯಾವತ್ತೂ ಕೊಯ್ದು ಮುಗಿದ ಗಿಡದ ಮುಂದೆ, ಚೀಲ ಕಟ್ಟಿಸದೆ ನಿಲ್ಲಿಸುತ್ತಿದ್ದಳು. ಬರಿಗೈ ಸರಿಯಾಗಿ ನಡೆದ ಮೇಲೆಯೇ ಹಣ್ಣಿನ ಗಿಡ. ಈಗಲೂ ಹಾಗೆಯೇ, ಕೊಯ್ದು ಮುಗಿದ ಗಿಡದಲ್ಲಿ ಬರಿಗೈ ನಡೆಸಿ ಕ್ಯಾಮೆರಾಕ್ಕೆ ದಾರಿ ತೋರಿಸಿದಳು. "ಬುಡದಿಂದ ತುದಿಗೆ. ಗೆಣ್ಣಿಗೆ ಮೂರು ಬೆರಳು. ತಿರುವು, ಬಿಡು. ಈಗ ಕೆಳಗಿನ ರೆಂಬೆ." ಧರ್ಮೇಶ್ ಎರಡು ಸಲ ಎಡವಿದ. ಮೂರನೆಯ ಸಲ ಅರ್ಧ ದಾರಿ ಬಂದ. ಐದನೆಯ ಸಲ ಅವನ ಕ್ಯಾಮೆರಾ ಅವಳ ಕೈಯ ನೆರಳಿನಂತೆ ಜೊತೆಗೇ ಬಂತು.

ಪಕ್ಕದ ಸಾಲಿನಲ್ಲಿ ಅಷ್ಟೇ ಎತ್ತರದ, ಮೈತುಂಬ ಹಣ್ಣಾದ ಗಿಡವನ್ನು ಸಿದ್ದಿ ಆರಿಸಿ, ಚೀಲವನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡಳು.

"ತಪ್ಪಾದ್ರೆ?" ಅಂದ ದೀಕ್ಷಿತ್.

"ತಪ್ಪೆಲ್ಲ ಬೋಳು ಗಿಡದಲ್ಲೇ ಮುಗೀತಲ್ಲ. ಶುರು ಮಾಡಿ."

ಹಣ್ಣು ಟಪಟಪ ಚೀಲಕ್ಕೆ ಬಿದ್ದವು. ಕಡೆಯ ರೆಂಬೆ ಮುಗಿದು ಅವಳ ಕೈ ಕೆಳಗಿಳಿದ ಮೇಲೆಯೇ ದೀಕ್ಷಿತ್ ಕಟ್ ಅಂದ.

"ಓಕೆ," ಅಂದ. ಅಭ್ಯಾಸಬಲದಿಂದ, "ಇರಲಿ ಅಂತ ಇನ್ನೊಂದು..." ಎಂದು ಗಿಡದ ಕಡೆ ನೋಡಿದ. ಅಲ್ಲಿ ಇದ್ದದ್ದು ಹಸಿರು ಮಾತ್ರ.

ಸಿದ್ದಿ ಚೀಲ ಹೊತ್ತು ತೂಕದ ಕಡೆ ನಡೆದಳು. ಶಶಿಕುಮಾರ್ ಎಂದಿನಂತೆ ಒಳಗೆ ಕೈಯಾಡಿಸಿ ನೋಡಿದ. ಹಸಿರು ಕಾಯಿ ಒಂದೂ ಸಿಗಲಿಲ್ಲ; ತೂಕ ಬರೆದುಕೊಂಡ.