ಬಚನಾಗ ಅರೆದ ಕಲ್ವ

ನಾನೊಂದು ಕಲ್ವ, ಔಷಧಿ ಅರೆಯುವ ದೋಣಿಯಾಕಾರದ ಕರಿಕಲ್ಲು. ಕಲ್ಲುಕುಟಿಗನ ಉಳಿಯೇಟು ತಿಂದು, ಹೊಟ್ಟೆ ತೋಡಿಸಿಕೊಂಡು, ಲಕ್ಷ್ಮೇಶ್ವರದ ಕಡೆಯ ನಾಟಿ ವೈದ್ಯ ಗುರುಪಾದಯ್ಯನ ಮನೆ ಸೇರಿದೆ. ಬಂದ ದಿನವೇ ಆತ ನನ್ನನ್ನು ಬೇರೆ ಗೂಡಿನಲ್ಲಿಟ್ಟ. "ಇದು ಬಚನಾಗಕ್ಕ ಅಷ್ಟ. ಅಡಗಿಗೆ ಒಯ್ದ್ರ ಕೈ ಮುರೀತೀನಿ!" ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದ. ಶುಂಠಿಯ ಘಮವಾಗಲಿ, ಜೇನಿನ ಅಂಟಾಗಲಿ ನನ್ನ ಪಾಲಿಗಿರಲಿಲ್ಲ. ಏನು ಪಾಪ ಮಾಡಿದ್ದೆನೋ!

ಬಚನಾಗವೆಂದರೆ ಬೆರಳುದ್ದದ ಬೇರು. ಶುದ್ಧಿ ಮಾಡದೆ ಹೊಟ್ಟೆಗೆ ಹೋದರೆ ಜೀವ ತೆಗೆಯುವಂಥದ್ದು. ಮೂರು ದಿನ ಗೋಮೂತ್ರದಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿದ ಮೇಲೇ ಅದು ಜ್ವರದ ಗುಳಿಗೆಗೆ ಬೀಳುತ್ತಿತ್ತು. ಅರೆಯುವ ಮುಂಚೆ ವೈದ್ಯ ಸಾಸಿವೆಯಷ್ಟನ್ನು ತನ್ನ ನಾಲಗೆಗೆ ಮುಟ್ಟಿಸಿ ಉಗುಳಬೇಕು. ಜುಮ್ಮೆಂದರೆ ಬೇರು ಮತ್ತೆ ಗೋಮೂತ್ರದ ಮಡಕೆಗೆ.

ಗುರುಪಾದಯ್ಯ ತೀರಿಕೊಂಡ ಮೇಲೆ ಮಗ ಚನ್ನಬಸಯ್ಯನ ಕೈಗೆ ಬಂದೆ. ನಲವತ್ತು ವರ್ಷ ಅವನ ನಾಲಗೆಯೇ ಊರಿನ ಕಾವಲು. ಈಚೆಗೆ ಮಾತ್ರ ಅವನು ಊಟಕ್ಕೆ ಕೂತಾಗೆಲ್ಲ ಉಪ್ಪು ಕೇಳತೊಡಗಿದ.

"ಏನ್ರೀ, ಉಪ್ಪಿನ ಚೀಲಾನ ತಂದಿಡ್ಲೇನು?" ಎಂದು ಹೆಂಡತಿ ನೀಲವ್ವ ನಗುತ್ತಿದ್ದಳು. ಅವನೂ ನಗುತ್ತಿದ್ದ. ಮೊದಲೇ ಕಲ್ಲುಬುದ್ಧಿ ನನ್ನದು, ಅದರ ಅರ್ಥ ಹೊಳೆಯಲಿಲ್ಲ.

ಆ ಶ್ರಾವಣದಲ್ಲಿ ನೀಲವ್ವನಿಗೇ ಜ್ವರ ಬಂತು. ಮೈ ಕೆಂಡದಂತೆ ಸುಡುತ್ತಿತ್ತು. ಬೇರು ನೆನೆದು ಎರಡೇ ದಿನವಾಗಿತ್ತು, ಮೋಡ ಮುಚ್ಚಿ ಬಿಸಿಲಿನ ಸುಳಿವೇ ಇರಲಿಲ್ಲ. ಚನ್ನಬಸಯ್ಯ ಚೂರನ್ನು ನಾಲಗೆಗೆ ಮುಟ್ಟಿಸಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಮುಟ್ಟಿಸಿದ.

"ಶುದ್ಧ ಆಗೇತಿ," ಎಂದು ನನ್ನೊಳಗೆ ಹಾಕಿ ಅರೆದ. ಅಯ್ಯೋ, ಆ ಬೇರಿನ ಉರಿ ಕಲ್ಲಾದ ನನಗೂ ತಿಳಿಯುತ್ತಿತ್ತು! ಬಾಯಿಲ್ಲದ ನಾನು ಹೇಳುವುದಾದರೂ ಹೇಗೆ?

ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೆ ನೀಲವ್ವ, "ತುಟಿ ಜುಮುಜುಮು ಅನ್ನಾಕತ್ತಾವ್ರೀ," ಎಂದಳು. ಆಮೇಲೆ ಕೈಕಾಲು ತಣ್ಣಗಾದವು. ಜೀಪು ದವಾಖಾನೆ ಮುಟ್ಟುವ ಮೊದಲೇ ಉಸಿರು ನಿಂತಿತಂತೆ.

ಮಣ್ಣು ಮಾಡಿ ಬಂದ ಚನ್ನಬಸಯ್ಯ ನನ್ನ ಮುಂದೆ ಕೂತು ಉಪ್ಪು, ಖಾರದಪುಡಿ, ಹುಣಸೆಹಣ್ಣು ಒಂದೊಂದಾಗಿ ನಾಲಗೆಗಿಟ್ಟುಕೊಂಡ. ಯಾವುದರ ರುಚಿಯೂ ಹತ್ತಲಿಲ್ಲ. ವಿಷ ನೋಡಿ ನೋಡಿ ಆ ನಾಲಗೆ ಯಾವಾಗಲೋ ಸತ್ತಿತ್ತು. ಅವನು ಹಣೆ ಚಚ್ಚಿಕೊಂಡು ಗೋಳೋ ಎಂದು ಅತ್ತ.

ಈಗ ನಾನು ಹಿತ್ತಲಲ್ಲಿ ಬೋರಲು ಬಿದ್ದಿದ್ದೇನೆ. ನನ್ನಲ್ಲಿ ನಿಂತ ಮಳೆನೀರನ್ನು ಗುಬ್ಬಿ ಕುಡಿದೀತೆಂದು ಅವನೇ ಮಗುಚಿಟ್ಟ. ಜನ ಇನ್ನೂ ಬರುತ್ತಾರೆ. ನೀಲವ್ವ ಜ್ವರದಿಂದ ಹೋದಳೆಂದೇ ಊರು ನಂಬಿತ್ತು. ಅವನು ಬಾಯಿಮುಚ್ಚಿಕೊಂಡಿದ್ದರೆ ನಿಜ ಅವನಿಗೂ ನನಗೂ ಮಾತ್ರ ಗೊತ್ತಿರುತ್ತಿತ್ತು.

"ಅಯ್ಯಾರ, ಜ್ವರಕ್ಕ ಒಂದ್ ಗುಳಿಗಿ ಕೊಡ್ರಿ."

"ಆಕಿನ್ನ ಜ್ವರ ಕೊಲ್ಲಲಿಲ್ಲಪಾ, ನನ್ನ ಗುಳಿಗಿ ಕೊಂದೈತಿ. ದವಾಖಾನಿಗೆ ಹೋಗು."

ಬಂದವರಿಗೆಲ್ಲ, ಒಬ್ಬೊಬ್ಬರಿಗೂ, ಅವನು ಇದನ್ನೇ ಹೇಳುತ್ತಾನೆ.