ಮೂರು ಕುರ್ಚಿಗಳ ಮೆಟ್ಟಿಲು

“ಯಾರದು? ಬಾಗಿಲು ತೆರೆದೇ ಇದೆ ಸಾರ್, ಬನ್ನಿ. ಎದ್ದು ಬರೋಕಾಗಲ್ಲ ನಂಗೆ.”

ಅಡುಗೆಮನೆಯಿಂದ ಗಂಡನ ದನಿ ಕೇಳಿ ಹೆಂಡತಿಯ ಕೈಯಲ್ಲಿದ್ದ ಲೋಟ ಜಾರಿತು. ಗಂಡನೋ, ನಡುಮನೆಯ ಶವಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಹೊದ್ದು ತೆಪ್ಪಗೆ ಮಲಗಿದ್ದ.

ಅವಳು ಅಡುಗೆಮನೆಗೆ ನುಗ್ಗಿದಳು. ಒಲೆಯ ಪಕ್ಕದಲ್ಲಿ ಗ್ರೀಸ್ ನಿಂತಿದ್ದ. ಇಪ್ಪತ್ತಾರು ವರ್ಷ ಅವಳ ಗಂಡ ಲಿಫ್ಟಣ್ಣನ ಜೊತೆ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದವನು. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗದ್ದರಿಂದ ಆ ಹೆಸರು.

“ಹೆಂಗಿದೆ ಅತ್ತಿಗೆ? ಅಣ್ಣನ ಥರಾನೇ ಬಂತಲ್ವಾ? ಕೆಮ್ಮು ಇನ್ನೂ ಸೇರಿಸಿಲ್ಲ.”

“ನಿನ್ನ ಬಾಯಿಗಿಷ್ಟು ಬೆಂಕಿ ಹಾಕ! ಏನೋ ಇದು?”

“ಹನ್ನೊಂದಕ್ಕೆ ಭತ್ಯೆ ಆಫೀಸಿನ ತಪಾಸಣೆಯವನು ಬರ್ತಾನಲ್ಲ. ಅಣ್ಣ ಸತ್ತ ಅಂತ ಗೊತ್ತಾದ್ರೆ ಫೈಲೂ ಸತ್ತ ಹಾಗೇ. ನಾನು ಒಳಕೋಣೇಲಿ ಕಂಬಳಿ ಹೊದ್ದು ಮಲಗ್ತೀನಿ. ಅಣ್ಣನ್ನ ಅರ್ಧ ಗಂಟೆ ಎದುರುಮನೇಲಿ ಇಟ್ಟಿರೋಣ.”

“ಎದುರುಮನೇಲಾ!”

“ಒಪ್ಪಿದಾರೆ ಪಾಪ. ಊಟದ ಟೇಬಲ್ ಖಾಲಿ ಮಾಡಿಕೊಡ್ತಾರಂತೆ.”

ಅವಳು ಗೋಡೆಯ ಗಡಿಯಾರ ನೋಡಿದಳು. ಇನ್ನು ಇಪ್ಪತ್ತೇ ನಿಮಿಷ. ಅಂಗವಿಕಲ ಭತ್ಯೆ ಮಂಜೂರಾದರೆ ಗಂಡನ ನಂತರ ಅದರ ಅರ್ಧ ಹೆಂಡತಿಗೆ, ಬದುಕಿರುವವರೆಗೆ. ಅವನನ್ನು ನೋಡಿಕೊಳ್ಳಲೆಂದು ಅವಳು ಲಾಂಡ್ರಿ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅಲ್ಲಿ ಈಗ ಅವಳ ಜಾಗದಲ್ಲಿ ಯಂತ್ರವಿದೆ. ಇದು ಮೂರನೇ ಅರ್ಜಿ, ನಾಲ್ಕನೆಯದಕ್ಕೆ ಅವಕಾಶವಿಲ್ಲ.

*

ಅರ್ಜಿಗಾಗಿ ಅವರಿಬ್ಬರೂ ಹೋಗಿದ್ದ ವೈದ್ಯರ ಮಂಡಳಿಯಲ್ಲಿ ಐದು ಕೋಣೆಗಳಿದ್ದವು. ಅಂಗವೈಕಲ್ಯ ಮೊಣಕಾಲಿಗೆ ಶೇಕಡಾ ಹದಿನೆಂಟು, ಉಸಿರಿಗೆ ಹದಿನಾರು, ಮೋಟಾರಿನ ಸದ್ದಿಗೆ ಕೆಟ್ಟ ಕಿವಿಗೆ ಹನ್ನೊಂದು, ಕಣ್ಣಿಗೆ ಒಂಬತ್ತು, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಗಳಿಗೆ ಏಳು. ಭತ್ಯೆ ಸಿಗಲು ಬೇಕಾದದ್ದು ನಲವತ್ತು.

“ಒಟ್ಟು ಅರವತ್ತೊಂದಾಯ್ತಲ್ಲ ಸಾರ್,” ಎಂದಳು ಹೆಂಡತಿ.

“ಕೂಡಿಸೋ ಹಾಗಿಲ್ಲಮ್ಮ,” ಎಂದ ಗುಮಾಸ್ತ. “ಬೇರೆ ಬೇರೆ ವಿಭಾಗ.”

“ಎಲ್ಲಾ ಒಬ್ಬರ ಮೈಯಲ್ಲೇ ಇದಾವಲ್ಲ. ಮೊಣಕಾಲೇನು ಪಕ್ಕದ ಮನೇದಾ?”

ಲಿಫ್ಟಣ್ಣ ಮಾತ್ರ ಗುಮಾಸ್ತನಿಗೆ ನಕ್ಕು ವಂದಿಸಿದ. ಐದೂ ಕೋಣೆಗಳಲ್ಲಿ ಡಾಕ್ಟರು ಬಂದಾಗ ಎದ್ದು ನಿಂತಿದ್ದ. ನೋವಿದ್ದರೂ ಮರ್ಯಾದೆ ಬಿಡದವನು. ಮನೆಗೆ ಬಂದ ಮೇಲೆ ಐದೂ ಡಾಕ್ಟರ ದನಿಯನ್ನು ಒಂದೊಂದಾಗಿ ತೆಗೆದು ಅವಳನ್ನು ನಗಿಸಿದ.

ಉಳಿದದ್ದು ಒಂದೇ ದಾರಿ: ದಿನನಿತ್ಯದ ಕೆಲಸಗಳ ನಮೂನೆ ತುಂಬಿ ಕೊಡುವುದು. ಒಂಬತ್ತನೇ ಪ್ರಶ್ನೆ: ‘ಇನ್ನೊಬ್ಬರ ನೆರವಿಲ್ಲದೆ ಮೆಟ್ಟಿಲು ಹತ್ತಬಲ್ಲಿರಾ?’ ಲಿಫ್ಟಣ್ಣ ‘ಹೌದು’ ಚೌಕದಲ್ಲಿ ಗುರುತು ಹಾಕಿ, ಲಕೋಟೆ ಅಂಟಿಸಿ, ಕಳಿಸಿದ ಮೇಲೆ ಹೆಂಡತಿಗೆ ಹೇಳಿದ್ದ.

“ಅಯ್ಯೋ ನಿಮ್ಮ! ಮುಕ್ಕಾಲು ಗಂಟೆ ಹಿಡಿಯುತ್ತಲ್ಲ ನಿಮಗೆ!”

“ಎಷ್ಟು ಹೊತ್ತು ಅಂತ ಅವರು ಕೇಳಿಲ್ಲ ಕಣೇ. ಹತ್ತೋದಂತೂ ಹತ್ತುತ್ತೀನಲ್ಲ. ಸುಳ್ಳು ಹೇಗೆ ಬರೀಲಿ?”

ಊರವರನ್ನೆಲ್ಲ ಮೇಲೆತ್ತಿದವನ ಮನೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಕೆಳಗಿನ ಮೂರೂ ಮಹಡಿಯವರು ಅವನಿಗೆಂದು ಮೆಟ್ಟಿಲ ತಿರುವಿನಲ್ಲಿ ಒಂದೊಂದು ಕುರ್ಚಿ ಇಟ್ಟಿದ್ದರು. ಅವನು ಕೂತು, ಏದುಸಿರು ಇಳಿದ ಮೇಲೆ, ಲಿಫ್ಟಿನೊಳಗಿನ ಹೆಂಗಸಿನ ನಯವಾದ ದನಿಯಲ್ಲಿ ಸಾರುತ್ತಿದ್ದ: “ಎರಡನೇ ಮಹಡಿ. ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ.”

*

“ಅಕ್ಕಾ, ಬಂದ!” ಹೆಂಡತಿಯ ತಂಗಿ ಮೆಟ್ಟಿಲಿಗೆ ಇಣುಕಿ ಓಡಿ ಬಂದಳು. “ಮೂರನೇ ಮಹಡೀಲಿ ಕುರ್ಚಿ ಮೇಲೆ ಕೂತು ಗಾಳಿ ಹಾಕ್ಕೊಳ್ತಿದಾನೆ!”

ಗ್ರೀಸ್ ಒಳಕೋಣೆಗೆ ಓಡಿ ಕಂಬಳಿ ಎಳೆದುಕೊಂಡ. ಎದುರುಮನೆಯ ಬಾಗಿಲು ತೆರೆಯಿತು. ಅಲ್ಲಿಂದ ಬಂದ ಇಬ್ಬರು ಬಗ್ಗಿ ಪೆಟ್ಟಿಗೆಗೆ ಕೈ ಹಾಕಿದರು.

“ಮುಟ್ಬೇಡಿ,” ಎಂದಳು ಹೆಂಡತಿ. “ಒಂದು ಗುರುತೂ ಸುಳ್ಳು ಹಾಕಲಿಲ್ಲ ಅವರು. ಈಗ ಅವರನ್ನೇ ಬಚ್ಚಿಡ್ಲಾ?”

ಅಷ್ಟರಲ್ಲಿ ಹೊಸ್ತಿಲಲ್ಲಿ ತಪಾಸಣೆಯವನು ನಿಂತಿದ್ದ. ದಪ್ಪ ಆಸಾಮಿ, ಅಂಗಿ ಬೆನ್ನಿಗಂಟಿತ್ತು, ಎದೆಗೆ ಫೈಲು ಅಪ್ಪಿಕೊಂಡಿದ್ದ. ಪೆಟ್ಟಿಗೆ ಕಂಡು ಬಾಯಿ ತೆರೆದ. ಮಾತು ಬರುವಷ್ಟು ಉಸಿರಿರಲಿಲ್ಲ.

“ಯಾರದು? ಬಾಗಿಲು ತೆರೆದೇ ಇದೆ ಸಾರ್, ಬನ್ನಿ,” ಎಂದಿತು ಒಳಕೋಣೆ. ಈ ಸಲ ಕೆಮ್ಮೂ ಇತ್ತು.

ಯಾರೋ ಮೂಗು ಮುಚ್ಚಿಕೊಂಡು ನಗು ತಡೆದರು. ತಪಾಸಣೆಯವನು ಪೆಟ್ಟಿಗೆಯನ್ನೂ ಕೋಣೆಯನ್ನೂ ಬದಲಿಸಿ ಬದಲಿಸಿ ನೋಡಿದ.

“ಒಳಗಿರೋದು ಅವರ ಸ್ನೇಹಿತ,” ಎಂದಳು ಹೆಂಡತಿ. “ನೀವು ನೋಡಬೇಕಾದವರು ಇವರು. ನಿನ್ನೆ ಸಂಜೆ ಹೋದರು.”

ಅವನು ಉಸಿರು ಸುಧಾರಿಸಿಕೊಂಡ. “ಸತ್ತರೆ ಫೈಲ್ ಮುಚ್ಚಲ್ಲಮ್ಮ. ಅರ್ಜಿ ಹಾಕಿದ ದಿನ ಹೇಗಿದ್ರು ಅನ್ನೋದೇ ಲೆಕ್ಕ.”

ಕಂಬಳಿಯ ಸಮೇತ ಗ್ರೀಸ್ ಬಾಗಿಲಿಗೆ ಬಂದ. ಹೆಂಡತಿಯ ಹೆಗಲು ಒಂದಿಷ್ಟು ಇಳಿಯಿತು. ತಪಾಸಣೆಯವನು ಹಾಳೆ ತಿರುವಿದ.

“ಆದರೆ ಇದು ಫೈಲನ್ನ ಮುಚ್ಚುತ್ತೆ. ಒಂಬತ್ತನೇದು. ಹತ್ತಬಲ್ಲೆ ಅಂತ ಅವರೇ ಒಪ್ಪಿಕೊಂಡಿದಾರೆ.”

“ಹೇಗೆ ಹತ್ತುತ್ತಿದ್ದರು ಅಂತ ನಾನು ಹೇಳ್ತೀನಿ ಸಾರ್...”

“ನೀವು ಹೇಳಿದ್ದು ನಾನು ಬರೆಯೋ ಹಾಗಿಲ್ಲ. ನನ್ನ ಕಣ್ಣಿಗೆ ಕಂಡದ್ದಷ್ಟೇ.”

ಅವಳು ಅವನ ಕತ್ತಿನ ಬೆವರು ನೋಡಿದಳು. “ನೀವು ಹೇಗೆ ಹತ್ತಿದ್ರಿ ಸಾರ್?”

ಅವನು ಕರವಸ್ತ್ರ ತೆಗೆದ. ಕತ್ತು ಒರೆಸಿಕೊಂಡ.

*

ಪೆಟ್ಟಿಗೆಯ ಮುಂದಿನ ಮೂಲೆಗೆ ಗ್ರೀಸ್ ಹೆಗಲು ಕೊಟ್ಟ. “ನಿಧಾನ, ನಿಧಾನ. ಅಣ್ಣ ಯಾವತ್ತೂ ಇಷ್ಟು ಬೇಗ ಇಳಿದಿಲ್ಲ.”

ಮೂರನೇ ಮಹಡಿಯ ತಿರುವಿನಲ್ಲಿ, ಯಾರೂ ಹೇಳದೆ, ಹೊತ್ತವರು ನಿಂತರು. ಕುರ್ಚಿಯ ಮೇಲೆ ಮಡಚಿದ ದಿಂಬಿತ್ತು. ಎರಡನೇ ಮಹಡಿಯ ಕುರ್ಚಿಗೆ ಒಂದು ಕಾಲಿರಲಿಲ್ಲ. ಅದರ ಜಾಗದಲ್ಲಿ ಲಿಫ್ಟಣ್ಣನೇ ಕೂರಿಸಿದ್ದ ಕಬ್ಬಿಣದ ತುಂಡು. ಅಲ್ಲೂ ನಿಂತರು. ಹಿಂದೆ ಬರುತ್ತಿದ್ದ ಹೆಂಡತಿಗೆ ತನ್ನ ಬೆನ್ನ ಹಿಂದೆಯೂ ಒಂದು ಜೊತೆ ಬೂಟು ನಿಂತದ್ದು ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಒಂದನೇ ಮಹಡಿಯ ಅಜ್ಜಿ ಹೆಜ್ಜೆ ಸಪ್ಪಳ ಕೇಳಿ, ಎಂದಿನ ಅಭ್ಯಾಸದಲ್ಲಿ ಕುರ್ಚಿಯನ್ನು ಗೋಡೆಯಿಂದ ಈಚೆಗೆ ಎಳೆದಳು. ಆಮೇಲೆ ಪೆಟ್ಟಿಗೆ ಕಂಡಳು. ಕೈ ಕುರ್ಚಿಯ ಬೆನ್ನ ಮೇಲೇ ಉಳಿಯಿತು.

“ಕುರ್ಚಿ ನಿಮ್ಮದಾ ಅಜ್ಜಿ?” ಮೇಲಿನಿಂದ ತಪಾಸಣೆಯವನ ದನಿ.

“ನಂದೇ ಕಣಪ್ಪ. ಆದರೆ ಎರಡು ವರ್ಷದಿಂದ ನಾನೆಲ್ಲಿ ಕೂತೆ ಇದರಲ್ಲಿ!”

ಈಗ ಹೆಂಡತಿ ತಿರುಗಿದಳು. ಅವನು ಫೈಲನ್ನು ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದ. ಏನೆಂದು ಅವಳಿಗೆ ಓದಲಾಗಲಿಲ್ಲ, ಆದರೆ ಅವನ ಕಣ್ಣು ನಡುನಡುವೆ ಕುರ್ಚಿಯತ್ತ ಹೊರಳುತ್ತಿತ್ತು. ‘ಹೌದು’ ಎಂಬುದರ ಪಕ್ಕದ ಚೌಕ ಲಿಫ್ಟಣ್ಣನ ಗುರುತಿನಿಂದ ಎಂದೋ ತುಂಬಿತ್ತು; ಜಾಗ ಸಾಲದೆ ತಪಾಸಣೆಯವನ ಅಕ್ಷರಗಳು ಹಾಳೆಯ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕೆ ಇಳಿಯುತ್ತಿದ್ದವು.