ಕೊನೆಯ ಹಾಳೆಯ ಒಂಬತ್ತು ಅಂಕ

ಬಟ್ಟೆ ಒಣಹಾಕಿ ಬಂದು, ಹಳೆಯ ಉತ್ತರಪತ್ರಿಕೆಗಳನ್ನು ಕಟ್ಟಿಡಲು ಕೂತಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಗುಬ್ಬಚ್ಚಿಯ ಕೊನೆಯ ಹಾಳೆಗೆ ನಾನೇ ಹಾಕಿದ ಒಂಬತ್ತು ಅಂಕ ಮೊತ್ತಕ್ಕೆ ಸೇರಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿನಲ್ಲಿ ಕೂಡಿಸಿದ್ದೆನೋ ಏನೋ.

ಗುಬ್ಬಚ್ಚಿ ಎಂದು ನಾವು ಕರೆಯುವ ಈ ಹುಡುಗಿ ಫೌಂಡೇಶನ್ ತರಗತಿಯವಳು. ಹೊರದೇಶಗಳಿಂದ ಬಂದ ಮಕ್ಕಳನ್ನು ಒಂದು ವರ್ಷ ತಯಾರು ಮಾಡಿ ವಿಶ್ವವಿದ್ಯಾಲಯದ ಬಾಗಿಲು ಮುಟ್ಟಿಸುವುದು ನಮ್ಮ ಕೆಲಸ. ಒಳಗೆ ಹೋಗಲು ನಲವತ್ತು ಬೇಕು. ಅವಳಿಗೆ ಮೂವತ್ತಾರು ಎಂದು ಪಟ್ಟಿ ಹೊರಬಿದ್ದು ಎರಡು ವಾರವಾಗಿತ್ತು. ಪಟ್ಟಿ ಬಂದಮೇಲೆ ಕಲಿಸಿದವರು ಅಂಕಗಳನ್ನು ಮುಟ್ಟುವಂತಿಲ್ಲ. ವಿದ್ಯಾರ್ಥಿಯೇ ಮರುಪರಿಶೀಲನೆಯ ಅರ್ಜಿಯಲ್ಲಿ, ಎಲ್ಲಿ ತಪ್ಪಾಗಿದೆ ಎಂದು ಕೈಯಾರೆ ಬರೆದು ಕೊಡಬೇಕು. ಕೊನೆಯ ಗಡುವು ಅಂದೇ ಸಂಜೆ ನಾಲ್ಕು.

ಉತ್ತರಪತ್ರಿಕೆ ಹಿಡಿದು ಅವಳ ಹಾಸ್ಟೆಲಿನ ಮೂರು ಮಹಡಿ ಹತ್ತುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಅವಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

"ನಾನು ಕೂಡಿಸೋದರಲ್ಲಿ ಎಡವಿದೀನಮ್ಮಾ. ಇಲ್ನೋಡು."

ಅವಳು ನೋಡಲೂ ಇಲ್ಲ. "ಗೊತ್ತು ಮೇಡಂ. ಪತ್ರಿಕೆ ತೋರಿಸಿದ ದಿನವೇ ನೋಡಿದ್ದೆ."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?"

"ಕಲಿಸಿದವರ ತಪ್ಪು ಎತ್ತಿ ಆಡಿದರೆ ನಮ್ಮಪ್ಪ ಮನೆಗೆ ಸೇರಿಸಲ್ಲ."

"ಫೇಲಾಗಿ ಹೋದರೆ ಆರತಿ ಎತ್ತುತ್ತಾರಾ?"

ಅವಳು ಇನ್ನೊಂದು ಬಟ್ಟೆ ಮಡಚಿ ಪೆಟ್ಟಿಗೆಗಿಟ್ಟಳು. 'ಹೇಳಿದ್ದನ್ನೆಲ್ಲ ಒಪ್ಪಬೇಡಿ' ಎಂದು ವರ್ಷವಿಡೀ ಬೋರ್ಡಿನ ಮೇಲೆ ಬರೆದಿದ್ದೆ. ಅದನ್ನೂ ದುಂಡಗೆ ನಕಲು ಮಾಡಿಕೊಂಡು ತಲೆಯಾಡಿಸಿದ್ದಳು. ಇಂಥವಳಿಗೆ ನಾನು ಕಲಿಸಿದ್ದೇನು ಎಂದು ಯೋಚಿಸುತ್ತ ಅವಳ ಮಂಚದ ಅಂಚಿನಲ್ಲಿ ಕುಸಿದೆ.

"ನನ್ನ ಮಗಳು ಎದ್ದಾಗಿನಿಂದ ನನ್ನ ತಪ್ಪು ಹಿಡೀತಾಳೆ. ಉಪ್ಪು ಜಾಸ್ತಿ ಆಯ್ತು, ಇಸ್ತ್ರಿ ಸರಿಯಿಲ್ಲ, ಜಡೆ ಬಿಗಿ. ಅದಕ್ಕೆ ನಾನೇನು ಸವೆದು ಹೋದೆನಾ?"

ಅವಳು ನನ್ನ ಮುಖ ನೋಡಿದಳು. "ಸ್ವಲ್ಪ ಸವೆದ ಹಾಗೇ ಕಾಣ್ತೀರಿ ಮೇಡಂ."

ನನಗೆ ನಗು ಬಂತು. "ಹಾಗಾದರೆ ಇನ್ನೊಂಚೂರು ಸವೆಸು. ಏಳು."

ಕಚೇರಿ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. "ಬೇಗ ಬರಿಯಮ್ಮಾ, ಕಿಟಕಿ ಮುಚ್ಚಬೇಕು," ಎಂದರು ಗುಮಾಸ್ತರು. 'ಮೇಡಂ ಕೂಡಿಸುವಾಗ' ಎಂದು ಬರೆದು ಗುಬ್ಬಚ್ಚಿ ಪೆನ್ನೆತ್ತಿದಳು. ನನ್ನ ಕಡೆ ತಿರುಗಿದಳು.

"ನನ್ನೇನು ನೋಡ್ತೀಯಾ? ಬರಿ."

'ತಪ್ಪು ಮಾಡಿದ್ದಾರೆ' ಎಂದು ಬರೆದಳು. ಅಷ್ಟಕ್ಕೆ ನಿಲ್ಲಲಿಲ್ಲ. 'ಮೂರನೇ ಪ್ರಶ್ನೆಗೂ ಎರಡು ಅಂಕ ಕಡಿಮೆ ಕೊಟ್ಟಿದ್ದಾರೆ.'

"ಏಯ್, ಅದು ಸರಿಯಾಗೇ ಇದೆ. ನೀನು ಕಾರಣ ಕೊಟ್ಟಿಲ್ಲ."

"ಕೊಟ್ಟಿದೀನಿ. ನೀವು ಓದಿಲ್ಲ." ಉತ್ತರಪತ್ರಿಕೆಯ ಹಾಳೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

ಗೋಡೆಗೆ ಒರಗಿ, ಕನ್ನಡಕ ಏರಿಸಿ ಓದಿದೆ. ಕಾರಣವೇನೋ ಇತ್ತು, ಅರ್ಧಂಬರ್ಧ.

"ಒಂದು ಅಂಕ ಕೊಡಬಹುದಿತ್ತು," ಎಂದೆ. "ಎರಡಂತೂ ಅಲ್ಲ."

"ಎರಡು, ಮೇಡಂ," ಎಂದು ಅರ್ಜಿಯನ್ನು ಕಿಟಕಿಯೊಳಗೆ ತೂರಿಸಿದಳು.